ಯೂನಿವರ್ಸಲ್ ಸ್ಟುಡಿಯೋಸ್ ಸಿಂಗಾಪುರ: ಒಂದೇ ದಿನ ಇದ್ದರೆ ಯಾವ ಝೋನ್‌ಗೆ ಜಾಸ್ತಿ ಹೊತ್ತು ಕೊಡಬೇಕು?

ದಾವಣಗೆರೆ ಬೆಣ್ಣೆ
ನಮಸ್ಕಾರ ಎಲ್ಲರಿಗೂ. ದಸರಾ ರಜೆಗೆ ಸಿಂಗಾಪುರಕ್ಕೆ ಹೊರಟಿದ್ದೇವೆ. ನಾನು, ಹೆಂಡತಿ, ಒಂಬತ್ತು ವರ್ಷದ ಮಗ, ಐದು ವರ್ಷದ ಮಗಳು, ಜೊತೆಗೆ ನಮ್ಮತ್ತೆ. ಸೆಂಟೋಸಾ ದ್ವೀಪದ ಯೂನಿವರ್ಸಲ್ ಸ್ಟುಡಿಯೋಸ್ ಸಿನಿಮಾ ಪಾರ್ಕ್‌ಗೆ ಒಂದೇ ದಿನ ಸಿಗೋದು. ರೈಡ್‌ಗಳ ಪಟ್ಟಿ ಬೇಡ, ಅದು ಎಲ್ಲಾ ಕಡೆ ಇದೆ. ನನಗೆ ಬೇಕಿರೋದು ಇಷ್ಟೇ: ಕಾಲಿಟ್ಟ ಕೂಡಲೇ ಸಿನಿಮಾದ ಒಳಗೆ ಬಂದೆವು ಅನಿಸುವ ಝೋನ್ ಯಾವುದು? ಯಾವುದು ಸುಮ್ನೆ ಬಣ್ಣ ಬಳಿದ ಗೋಡೆ? ಹೋಗಿ ಬಂದವರು ಹೇಳಿ. ಜಗಳ ಆಡಿದರೂ ಪರವಾಗಿಲ್ಲ.

ಕೋಸ್ಟರ್ ಕಿಟ್ಟಿ
ಸೈ-ಫೈ ಸಿಟಿ. ಮುಗೀತು. ಮುಂದಿನ ಪ್ರಶ್ನೆ?

ಸೆರಂಗೂನ್ ಸುಬ್ಬಣ್ಣ
ಕಿಟ್ಟಿ, ಸ್ವಲ್ಪ ತಡೆಯಪ್ಪ. ಅವರಿಗೆ ಮೊದಲು ಜಾಗದ ಅಂದಾಜು ಸಿಗಲಿ.

ಬೆಣ್ಣೆಯವರೇ, ನಾನು ಇಲ್ಲೇ ಸಿಂಗಾಪುರದಲ್ಲಿ ಇರುವವನು. ಊರಿಂದ ಯಾರು ಬಂದರೂ ಅಲ್ಲಿಗೆ ಕರೆದುಕೊಂಡು ಹೋಗೋದು ನನ್ನ ಪಾಲಿಗೆ ಬಂದ ಕೆಲಸ. ಪಾರ್ಕ್ ದೊಡ್ಡದಲ್ಲ, ಸುಮಾರು 20 ಹೆಕ್ಟೇರ್. ನಡುವೆ ಒಂದು ಕೆರೆ, ಸುತ್ತಲೂ ಝೋನ್‌ಗಳು. ಗೇಟು ದಾಟಿದರೆ ಹಾಲಿವುಡ್. ಅಲ್ಲಿಂದ ಬಲಕ್ಕೆ ಹೊರಟರೆ ನ್ಯೂಯಾರ್ಕ್, ಸೈ-ಫೈ ಸಿಟಿ, ಪ್ರಾಚೀನ ಈಜಿಪ್ಟ್, ಲಾಸ್ಟ್ ವರ್ಲ್ಡ್, ಶ್ರೆಕ್ ಸಿನಿಮಾದ ಫಾರ್ ಫಾರ್ ಅವೇ, ಕೊನೆಗೆ ಮಿನಿಯನ್ ಲ್ಯಾಂಡ್. ಮತ್ತೆ ಹಾಲಿವುಡ್‌ಗೇ ಬಂದು ಸೇರುತ್ತೀರಿ. ದಾರಿ ತಪ್ಪುವ ಭಯವೇ ಇಲ್ಲ.

ಹಾಲಿವುಡ್ ರಸ್ತೆ ಮೇಲೆ ದೊಡ್ಡ ಚಾವಣಿ ಇದೆ, ಮಳೆ ಬಿಸಿಲು ಎರಡಕ್ಕೂ ಆಗುತ್ತದೆ. ಆದರೆ ಅದು ಝೋನ್ ಅನ್ನೋದಕ್ಕಿಂತ ಅಂಗಡಿ ಬೀದಿ. ಬೆಳಿಗ್ಗೆ ಅಲ್ಲಿ ಫೋಟೋ ತೆಗೆಯುತ್ತಾ ನಿಲ್ಲಬೇಡಿ. ನೀವು ನಿಂತಷ್ಟು ಹೊತ್ತು ಒಳಗೆ ಕ್ಯೂ ಬೆಳೆಯುತ್ತಿರುತ್ತದೆ.

ಹೊಸಪೇಟೆ ಹುಡುಗಿ
ನನ್ನ ಓಟು ಈಜಿಪ್ಟ್‌ಗೆ. ದಿ ಮಮ್ಮಿ ಸಿನಿಮಾ ನೋಡದವರಿಗೂ ಅಲ್ಲಿ ಮೈ ಜುಮ್ಮೆನ್ನುತ್ತದೆ. ಆಳೆತ್ತರ ಅಲ್ಲ, ಮನೆ ಎತ್ತರದ ಅನುಬಿಸ್ ಮೂರ್ತಿಗಳು, ನರಿಮುಖ, ಸಾಲಾಗಿ ನಿಂತಿವೆ. ಅವುಗಳ ನಡುವೆ ನಡೆದು ಹೋಗುವಾಗಲೇ ಮಕ್ಕಳು ಮಾತು ನಿಲ್ಲಿಸುತ್ತಾರೆ.

ಇನ್ನೊಂದು ಚಂದದ ವಿಷಯ. ಹೆಸರಿಗೆ ಪ್ರಾಚೀನ ಈಜಿಪ್ಟ್, ಆದರೆ ಅವರು ಕಟ್ಟಿರೋದು ಫೇರೋಗಳ ಕಾಲ ಅಲ್ಲ. 1930ರ ದಶಕ, ಅಂದರೆ ಹೊರಗಿನವರು ಬಂದು ಗೋರಿಗಳನ್ನು ಅಗೆಯುತ್ತಿದ್ದ ಕಾಲ. ಹಾಗಾಗಿ ಕಂಬಗಳು ಒಡೆದಿವೆ, ಹಳೇ ಜೀಪು ನಿಂತಿದೆ, ಮರದ ಪೆಟ್ಟಿಗೆಗಳು ಬಿದ್ದಿವೆ. ಬಣ್ಣ ಮಾಸಿದ್ದರೂ ಕಥೆಗೆ ಒಪ್ಪುತ್ತದೆ. ಬೇರೆ ಝೋನ್‌ಗಳಲ್ಲಿ ಬಣ್ಣ ಮಾಸಿದರೆ ಬರೀ ಹಳೇದು ಅನಿಸುತ್ತದೆ.

ಕೋಸ್ಟರ್ ಕಿಟ್ಟಿ
ಹಂಪಿ ಪಕ್ಕದವರು ಕಲ್ಲುಕಂಬಕ್ಕೆ ಓಟು ಹಾಕದೆ ಇನ್ಯಾರು ಹಾಕಬೇಕು 😄

ಹೊಸಪೇಟೆ ಹುಡುಗಿ
ಹೌದು ಕಿಟ್ಟಿ, ಕಲ್ಲು ಯಾವುದು ಫೈಬರ್ ಯಾವುದು ಅಂತ ನಮಗೆ ಗೊತ್ತಾಗುತ್ತದೆ. ಅದಕ್ಕೇ ಹೇಳಿದ್ದು, ಇವರು ಚೆನ್ನಾಗಿ ಮಾಡಿದ್ದಾರೆ ಅಂತ.

ಕೋಸ್ಟರ್ ಕಿಟ್ಟಿ
ಸರಿ, ಈಗ ಗಂಭೀರವಾಗಿ. ಸೈ-ಫೈ ಸಿಟಿಯಲ್ಲಿ ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ ಇದೆ. ಎರಡು ಕೋಸ್ಟರ್‌ಗಳು ಒಂದರ ಪಕ್ಕ ಒಂದು, ಒಂದಕ್ಕೊಂದು ಗುದ್ದಿಯೇ ಬಿಡುತ್ತವೇನೋ ಅನ್ನುವ ಹಾಗೆ ಓಡುತ್ತವೆ. ಕೆಂಪು ಹಳಿಯದು ಹ್ಯೂಮನ್, ಕೂತು ಹೋಗೋದು. ನೀಲಿಯದು ಸೈಲಾನ್, ಅದರಲ್ಲಿ ಕಾಲು ಗಾಳಿಯಲ್ಲಿ ನೇತಾಡುತ್ತದೆ. ಎತ್ತರ 42.5 ಮೀಟರ್. ಪಕ್ಕದಲ್ಲೇ ಟ್ರಾನ್ಸ್‌ಫಾರ್ಮರ್ಸ್ 3ಡಿ. 2011ರ ಡಿಸೆಂಬರ್‌ನಲ್ಲಿ ಪ್ರಪಂಚದಲ್ಲೇ ಮೊದಲು ಶುರುವಾಗಿದ್ದು ಇಲ್ಲಿ, ಅಮೆರಿಕಕ್ಕೆ ಆಮೇಲೆ ಹೋಯಿತು. ಇಡೀ ಪಾರ್ಕ್‌ನ ಎರಡು ಒಳ್ಳೆ ರೈಡ್ ಒಂದೇ ಝೋನ್‌ನಲ್ಲಿ ಇವೆ. ಮೂರ್ತಿ ನೋಡೋಕೆ ವಿಮಾನ ಹತ್ತಬೇಕಾ?

ಬಿಡದಿ ಬಸ್ಸು
ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ ಯಾವ ವರ್ಷದ ಸಿನಿಮಾ? ಹುಡುಕಿದೆ, ಸಿಗಲಿಲ್ಲ.

ಸೆಟ್ಟಿನ ಹಿಂದೆ
ಅದು ಟಿವಿ ಧಾರಾವಾಹಿ ಸರ್. 1978ರಲ್ಲಿ ಒಂದು ಬಂತು, 2004ರಲ್ಲಿ ಹೊಸದಾಗಿ ಮತ್ತೊಂದು ಮಾಡಿದರು. ಹೊಸದರ ಮೇಲೆ ಈ ರೈಡ್.

ಕಿಟ್ಟಿಯ ವಾದದ ತೊಂದರೆಯೂ ಅಲ್ಲೇ ಇದೆ. ನಾನು ಕನ್ನಡ ಸಿನಿಮಾ, ಧಾರಾವಾಹಿಗಳ ಆರ್ಟ್ ಡಿಪಾರ್ಟ್‌ಮೆಂಟ್‌ನಲ್ಲಿ ಕೆಲಸ ಮಾಡಿದವನು, ನನ್ನ ಕಣ್ಣು ಗೋಡೆ ಮೇಲೇ ಹೋಗುತ್ತದೆ. ಸೈ-ಫೈ ಸಿಟಿ ಒಂದು ಊರಲ್ಲ. ಬೂದು ಬಣ್ಣದ ತಗಡು, ನೀಲಿ ದೀಪ, ಎರಡು ರೈಡ್‌ಗಳ ನಡುವೆ ಕಾಂಕ್ರೀಟ್ ಅಂಗಳ. ರೈಡ್‌ಗಳನ್ನು ತೆಗೆದುಬಿಟ್ಟರೆ ಅಲ್ಲಿ ಐದು ನಿಮಿಷ ನಿಲ್ಲೋಕೆ ಕಾರಣ ಇಲ್ಲ. ಈಜಿಪ್ಟ್‌ನಲ್ಲಿ ರೈಡ್ ಕೆಟ್ಟು ನಿಂತಿದ್ದರೂ ಅರ್ಧ ಗಂಟೆ ಸುತ್ತಬಹುದು. ಝೋನ್‌ಗೆ ನನ್ನ ಪರೀಕ್ಷೆ ಅದೇ: ರೈಡ್ ಇಲ್ಲದಿದ್ದರೂ ಜಾಗ ನಿಲ್ಲಬೇಕು.

ಹಾಗೆ ನೋಡಿದರೆ ಎಲ್ಲರೂ ದಾಟಿಕೊಂಡು ಹೋಗುವ ನ್ಯೂಯಾರ್ಕ್ ನನಗೆ ತುಂಬಾ ಇಷ್ಟ. ಅಲ್ಲಿನ ಮನೆಗಳಿಗೆ ಮುಂಭಾಗ ಮಾತ್ರ ಇದೆ, ಒಳಗೆ ಏನೂ ಇಲ್ಲ. ಅದು ದೋಷ ಅಲ್ಲ. ಆ ಝೋನ್ ಇರೋದೇ ಸಿನಿಮಾ ಸೆಟ್ಟಿನ ಹಾಗೆ. ಇಟ್ಟಿಗೆ ಗೋಡೆ, ಹೊರಗಿನ ಕಬ್ಬಿಣದ ಮೆಟ್ಟಿಲು, ರಸ್ತೆ ಕೊನೆಯಲ್ಲಿ ಪಬ್ಲಿಕ್ ಲೈಬ್ರರಿಯ ಮುಖ. ಇಂಥ ಕಟ್ಟಡಗಳಲ್ಲಿ ಮೇಲಿನ ಮಹಡಿಗಳನ್ನು ಬೇಕಂತಲೇ ಚಿಕ್ಕದಾಗಿ ಕಟ್ಟುತ್ತಾರೆ. ಕೆಳಗೆ ನಿಂತವರಿಗೆ ಕಟ್ಟಡ ಇರುವುದಕ್ಕಿಂತ ಎತ್ತರ ಕಾಣುತ್ತದೆ. ಕಿಟಕಿಗಳ ಅಳತೆ ಗಮನಿಸಿ, ಗೊತ್ತಾಗುತ್ತದೆ. ಅಲ್ಲೇ ಸ್ಪೀಲ್‌ಬರ್ಗ್ ಪರದೆ ಮೇಲೆ ಬಂದು ಮಾತಾಡುವ ಲೈಟ್ಸ್ ಕ್ಯಾಮೆರಾ ಆ್ಯಕ್ಷನ್ ಅಂತ ಒಂದು ಶೋ ಇದೆ. ಒಂದು ದೋಣಿಮನೆಗೆ ಚಂಡಮಾರುತ ಬಡಿಯುವ ದೃಶ್ಯ. ಬೆಂಕಿ, ನೀರು, ಗಾಳಿ, ಎಲ್ಲಾ ಕಣ್ಣೆದುರೇ. ಚಿಕ್ಕದು, ಆದರೆ ನಮ್ಮ ಕೆಲಸ ಏನು ಅಂತ ಮನೆಯವರಿಗೆ ತೋರಿಸೋಕೆ ಅದಕ್ಕಿಂತ ಒಳ್ಳೆ ಜಾಗ ನನಗೆ ಸಿಕ್ಕಿಲ್ಲ.

ಕೋಸ್ಟರ್ ಕಿಟ್ಟಿ
ರೈಡ್ ತೆಗೆದು ನೋಡಿ ಅಂದರೆ ಹೇಗೆ ಸರ್? ಮಸಾಲೆ ದೋಸೆಯಿಂದ ಪಲ್ಯ ತೆಗೆದು ರುಚಿ ನೋಡಿ ಅಂದ ಹಾಗಾಯಿತು.

ಸೆಟ್ಟಿನ ಹಿಂದೆ
ದೋಸೆ ಚೆನ್ನಾಗಿದ್ದರೆ ಪಲ್ಯ ಇಲ್ಲದೆಯೂ ತಿನ್ನಬಹುದು ಮಹರಾಯ.

ಶಿರಸಿ ಶಾಲಿನಿ
ಈ ಗಲಾಟೆಯಲ್ಲಿ ಅತ್ತೆಯವರನ್ನು ಎಲ್ಲರೂ ಮರೆತಿರಿ. ಬೆಣ್ಣೆ ಸರ್, ಅವರ ಮಂಡಿ ಹೇಗಿದೆ? ನಾವು ನಮ್ಮ ಅಮ್ಮನನ್ನು ಕರೆದುಕೊಂಡು ಹೋಗಿದ್ದೆವು. ಅವರಿಗೆ ಇಷ್ಟವಾಗಿದ್ದು ಇವು: ವಾಟರ್‌ವರ್ಲ್ಡ್ ಶೋ, ಶ್ರೆಕ್ 4-ಡಿ, ನ್ಯೂಯಾರ್ಕ್‌ನಲ್ಲಿರುವ ಸೆಸಮಿ ಸ್ಟ್ರೀಟ್ ರೈಡ್. ಎಲ್ಲಾ ಕೂತು ನೋಡುವಂಥವು. ಶ್ರೆಕ್‌ನಲ್ಲಿ ಕುರ್ಚಿ ಅಲ್ಲಾಡುತ್ತದೆ, ಮುಖಕ್ಕೆ ನೀರು ಚಿಮುಕಿಸುತ್ತಾರೆ, ಕಾಲಿಗೆ ಏನೋ ಹರಿದ ಹಾಗಾಗುತ್ತದೆ. ಅಮ್ಮ ಕೂಗಿದ ಕೂಗಿಗೆ ಮುಂದಿನ ಸಾಲಿನವರು ತಿರುಗಿ ನೋಡಿದರು. ಫ್ಲೋರಿಡಾದಲ್ಲಿ ಇದನ್ನು 2022ರಲ್ಲೇ ಮುಚ್ಚಿದರಂತೆ. ಸಿಂಗಾಪುರದಲ್ಲಿ ಇನ್ನೂ ಇರುವಾಗಲೇ ನೋಡಿಬಿಡಿ.

ದಾವಣಗೆರೆ ಬೆಣ್ಣೆ
ಮಂಡಿ ಅಷ್ಟಕ್ಕಷ್ಟೇ ಮೇಡಂ. ಆದರೆ ಬಾಯಿ ಗಟ್ಟಿ. "ನನ್ನನ್ನು ಒಂದು ಕಡೆ ಕೂರಿಸಿ ನೀವು ಹೋಗಿ ಬನ್ನಿ ಅಂತ ಮಾತ್ರ ಅನ್ನಬೇಡಿ" ಅಂತ ಈಗಲೇ ಹೇಳಿದ್ದಾರೆ.

ಕುಂದಾಪ್ರ ಕುಮಾರ
ಮಾರಾಯ್ರೆ, ಲಾಸ್ಟ್ ವರ್ಲ್ಡ್ ಬಗ್ಗೆ ಯಾರೂ ಮಾತಾಡಿಲ್ವಾ? ಜುರಾಸಿಕ್ ಪಾರ್ಕ್‌ನ ಆ ದೊಡ್ಡ ಗೇಟು, ಸುತ್ತ ದಟ್ಟ ಗಿಡ ಮರ, ಹಬೆ ಹಬೆ ಹವೆ. ಇಲ್ಲಿ ಒಂದು ಮಾತು ಹೇಳಬೇಕು. ಜುರಾಸಿಕ್ ಪಾರ್ಕ್‌ಗಳು ಕ್ಯಾಲಿಫೋರ್ನಿಯಾದಲ್ಲೂ ಇವೆ, ಒಸಾಕಾದಲ್ಲೂ ಇವೆ. ಆದರೆ ಸಿಂಗಾಪುರದಲ್ಲಿ ಹವೆಯೇ ಅರ್ಧ ಕೆಲಸ ಮಾಡುತ್ತದೆ. ಸಮಭಾಜಕದ ಪಕ್ಕದ ಊರು. ಬೆವರು, ಮಳೆ, ಹಸಿರು ಯಾವುದನ್ನೂ ತಯಾರು ಮಾಡಬೇಕಾಗಿಲ್ಲ. ನಮಗೆ ಕರಾವಳಿಯವರಿಗೆ ಆ ಬೆವರು ಅಭ್ಯಾಸ, ದಾವಣಗೆರೆಯವರು ನೀರು ಕುಡೀತಾ ಇರಿ.

ಅಲ್ಲಿ ರ‍್ಯಾಪಿಡ್ಸ್ ರೈಡ್ ಇದೆ. ದುಂಡಗಿನ ತೆಪ್ಪದಲ್ಲಿ ಎದುರು ಬದುರು ಕೂತು ಹೋಗೋದು. ಡೈನೋಸಾರ್‌ಗಳು ಕಾಣುತ್ತವೆ, ಆಮೇಲೆ ಕತ್ತಲ ಕೋಣೆ. ಅಲ್ಲಿ ತೆಪ್ಪ ಇದ್ದ ಹಾಗೇ ಲಿಫ್ಟ್‌ನಲ್ಲಿ ಮೇಲೆ ಹೋಗುತ್ತದೆ, ಆಮೇಲೆ ಧಡ್ ಅಂತ ಕೆಳಗೆ. ಯಾರ ಬೆನ್ನು ಯಾವ ಕಡೆ ಬರುತ್ತದೋ ಅವರ ಗ್ರಹಚಾರ. ನಾನು ಜೀನ್ಸ್ ಹಾಕಿಕೊಂಡು ಹೋಗಿದ್ದೆ. ಸಂಜೆವರೆಗೂ ಆರಲಿಲ್ಲ.

ಸೆರಂಗೂನ್ ಸುಬ್ಬಣ್ಣ
ಕುಮಾರ ಹೇಳಿದ್ದು ನಿಜ. ರೈನ್‌ಕೋಟು ಮನೆಯಿಂದಲೇ ತನ್ನಿ, ಒಳಗೆ ದುಡ್ಡು ಜಾಸ್ತಿ. ಹಾಗೇ ಎತ್ತರದ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಅಲ್ಲಿ ಹೋಗಿ ಮಗಳು ಅಳೋದು ಬೇಡ. ಬ್ಯಾಟಲ್‌ಸ್ಟಾರ್‌ಗೆ 125 ಸೆಂ.ಮೀ. ಬೇಕು. ಈಜಿಪ್ಟ್‌ನ ಮಮ್ಮಿ ರೈಡ್‌ಗೆ 122. ಜುರಾಸಿಕ್ ರ‍್ಯಾಪಿಡ್ಸ್‌ಗೆ 107. ಟ್ರಾನ್ಸ್‌ಫಾರ್ಮರ್ಸ್‌ಗೆ 102. ಲಾಸ್ಟ್ ವರ್ಲ್ಡ್‌ನ ಕ್ಯಾನಪಿ ಫ್ಲೈಯರ್, ಫಾರ್ ಫಾರ್ ಅವೇಯ ಎನ್‌ಚಾಂಟೆಡ್ ಏರ್‌ವೇಸ್ ಎರಡಕ್ಕೂ 92. ಬಾಗಿಲಲ್ಲಿ ಕೋಲು ಇಟ್ಟು ಅಳೆಯುತ್ತಾರೆ. "ನಮ್ಮ ಮಗು ಧೈರ್ಯವಂತೆ" ಅಂದರೆ ನಡೆಯೋದಿಲ್ಲ. ಮನೆಯಲ್ಲಿ ಈಗಲೇ ಗೋಡೆಗೆ ನಿಲ್ಲಿಸಿ ಅಳೆದುಕೊಳ್ಳಿ.

ದಾವಣಗೆರೆ ಬೆಣ್ಣೆ
ಅಳೆದೆ ಸರ್. ಮಗ 131, ಮಗಳು 106. ಆ ಒಂದು ಸೆಂಟಿಮೀಟರ್!

ಹೊಸಪೇಟೆ ಹುಡುಗಿ
ದಸರಾಕ್ಕೆ ಇನ್ನೂ ಟೈಮ್ ಇದೆ. ರಾಗಿ ಮುದ್ದೆ ಶುರು ಮಾಡಿ.

ಶಿರಸಿ ಶಾಲಿನಿ
😂 ಆದರೂ ಇದಕ್ಕೊಂದು ಉಪಾಯ ಇದೆ. ಮಗ ಒಬ್ಬರ ಜೊತೆ ರೈಡ್ ಹತ್ತಲಿ, ಇನ್ನೊಬ್ಬರು ಮಗಳ ಜೊತೆ ಕಾಯಲಿ. ಆಮೇಲೆ ಅದಲು ಬದಲು. ಎರಡನೇ ಸಲ ಪೂರ್ತಿ ಕ್ಯೂ ನಿಲ್ಲಬೇಕಾಗಿಲ್ಲ. ಕ್ಯೂ ಸೇರುವ ಮೊದಲೇ ಅಲ್ಲಿನ ಸಿಬ್ಬಂದಿಗೆ ಹೇಳಬೇಕು.

ಪದ್ಮನಾಭನಗರ ಪಮ್ಮಿ
ಮಗಳಿಗೆ ಮಡಗಾಸ್ಕರ್ ಝೋನ್ ಚೆನ್ನಾಗಿರುತ್ತದೆ. ದೋಣಿಯಲ್ಲಿ ಕೂತು ಹೋಗುವ ರೈಡ್, ಸಿಂಹ, ಜೀಬ್ರಾ, ಪೆಂಗ್ವಿನ್ ಎಲ್ಲಾ ಇವೆ. ತಂಪಾಗಿಯೂ ಇರುತ್ತದೆ.

ಸೆರಂಗೂನ್ ಸುಬ್ಬಣ್ಣ
ಪಮ್ಮಿಯವರೇ, ಮಡಗಾಸ್ಕರ್ ಈಗಿಲ್ಲ. 2022ರಲ್ಲಿ ಮುಚ್ಚಿದರು. ಆ ಜಾಗದಲ್ಲೇ ಮಿನಿಯನ್ ಲ್ಯಾಂಡ್ ಬಂದಿದೆ, 2025ರ ಫೆಬ್ರವರಿ 14ಕ್ಕೆ ಶುರುವಾಯಿತು.

ಪದ್ಮನಾಭನಗರ ಪಮ್ಮಿ
ಅಯ್ಯೋ! ಆ ದೋಣಿ ನನಗೆ ಬಹಳ ಇಷ್ಟ ಇತ್ತು. ಹೊಸದು ಹೇಗಿದೆ?

ಕೋಸ್ಟರ್ ಕಿಟ್ಟಿ
ಹಳದಿ. ಎಲ್ಲಿ ನೋಡಿದರೂ ಹಳದಿ.

ಸೆಟ್ಟಿನ ಹಿಂದೆ
ಕಿಟ್ಟಿ ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ಮಿನಿಯನ್ ಲ್ಯಾಂಡ್ ಹೊಸದು, ಹಾಗಾಗಿ ಕೈಕೆಲಸ ಅಚ್ಚುಕಟ್ಟಾಗಿದೆ. ಮೂರು ಭಾಗ ಇವೆ: ಮಾರುಕಟ್ಟೆ ಬೀದಿ, ಡೆಸ್ಪಿಕಬಲ್ ಮಿ ಸಿನಿಮಾದಲ್ಲಿ ಮಿನಿಯನ್‌ಗಳ ಯಜಮಾನನಾದ ಗ್ರೂ ಇರುವ ಓಣಿ, ಆಮೇಲೆ ಜಾತ್ರೆ ಥರದ ಸೂಪರ್ ಸಿಲ್ಲಿ ಫನ್ ಲ್ಯಾಂಡ್. ಗ್ರೂ ಓಣಿ ಚೆನ್ನಾಗಿದೆ. ಮುದ್ದಾದ ಮನೆಗಳ ಸಾಲಿನಲ್ಲಿ ಒಂದೇ ಒಂದು ಕಪ್ಪು ವಕ್ರ ಮನೆ. ಸಿನಿಮಾ ನೋಡಿದ ಮಗುವಿಗೆ ಒಂದು ಮಾತೂ ಹೇಳಬೇಕಾಗಿಲ್ಲ. ಅದರೊಳಗೇ ಮಿನಿಯನ್ ಮೇಹೆಮ್ ರೈಡ್. ಬಗ್ಗಿ ಬೂಗಿ ಅಂತ ಕುಣಿಯುತ್ತಾ ತಿರುಗುವ ಗಾಡಿಗಳಿವೆ, ಬೇರೆ ಯೂನಿವರ್ಸಲ್‌ಗಳಲ್ಲಿ ಇರದೆ ಮೊದಲು ಇಲ್ಲಿಗೇ ಬಂದಿದ್ದು. ಐದು ವರ್ಷದ ಮಗುವಿಗೆ ಇಡೀ ಪಾರ್ಕ್‌ನಲ್ಲಿ ಇದಕ್ಕಿಂತ ಸರಿಯಾದ ಜಾಗ ಇಲ್ಲ.

ಆದರೆ ಮಾರುಕಟ್ಟೆ ಬೀದಿ ನಿಜವಾಗಿಯೂ ಮಾರುಕಟ್ಟೆ. ಬಲಗಡೆ ಗೊಂಬೆ, ಎಡಗಡೆ ಬಾಳೆಹಣ್ಣಿನ ಆಕಾರದ ತಿಂಡಿ. ಪರ್ಸ್ ಹೆಂಡತಿ ಕೈಯಲ್ಲಿ ಕೊಟ್ಟು ನಡೆಯಿರಿ.

ಶಿರಸಿ ಶಾಲಿನಿ
ಹೆಂಡತಿ ಕೈಯಲ್ಲಿದ್ದರೆ ಉಳಿಯುತ್ತದೆ ಅಂತ ಯಾರು ಹೇಳಿದ್ದು ಸರ್ ನಿಮಗೆ?

ಬಿಡದಿ ಬಸ್ಸು
ಅಲ್ಲಿ ಹ್ಯಾರಿ ಪಾಟರ್ ಇದೆಯಾ? ನಮ್ಮ ಟ್ರಾವೆಲ್ ಏಜೆಂಟ್ ಇದೆ ಅಂತಿದ್ದಾರೆ.

ಸೆರಂಗೂನ್ ಸುಬ್ಬಣ್ಣ
ಇಲ್ಲ. ಹ್ಯಾರಿ ಪಾಟರ್ ಬೇಕು ಅಂದರೆ ಜಪಾನ್‌ನ ಒಸಾಕಾಕ್ಕೆ ಹೋಗಬೇಕು, ಅಲ್ಲಿ 2014ರಿಂದ ಇದೆ. ನಿಂಟೆಂಡೋ ಲೋಕವೂ ಅಲ್ಲೇ, 2021ರಿಂದ. ಸಿಂಗಾಪುರಕ್ಕೂ ನಿಂಟೆಂಡೋ ತರುತ್ತೇವೆ ಅಂತ 2019ರಲ್ಲೇ ಹೇಳಿದ್ದಾರೆ. ಏಜೆಂಟ್ ಬದಲಾಯಿಸಿ.

ಬಿಡದಿ ಬಸ್ಸು
ಅಡ್ವಾನ್ಸ್ ಕೊಟ್ಟಾಯ್ತು ಸರ್ 😐

ವಿಜಯಪುರದ ವೀರೇಶ
ಒಂದು ಮಾತು ಕೇಳ್ತೀನಿ, ಯಾರೂ ಸಿಟ್ಟಾಗಬೇಡ್ರಿ. ಇಷ್ಟು ದುಡ್ಡು ಹಾಕಿ ಸಿಂಗಾಪುರಕ್ಕೆ ಯಾಕೆ? ಹೈದರಾಬಾದ್‌ನ ರಾಮೋಜಿ ಫಿಲ್ಮ್ ಸಿಟಿ ಇಲ್ವಾ? ನಮಗಂತೂ ಒಂದು ರಾತ್ರಿ ಬಸ್ಸಿನ ದಾರಿ. 1996ರಲ್ಲಿ ಶುರುವಾಗಿದ್ದು, ಪ್ರಪಂಚದ ಅತಿ ದೊಡ್ಡ ಸ್ಟುಡಿಯೋ ಅಂತ ಗಿನ್ನೆಸ್‌ನಲ್ಲೇ ಹೆಸರಿದೆ. ಅಲ್ಲಿ ವಿಮಾನ ನಿಲ್ದಾಣದ ಸೆಟ್ ಇದೆ, ರೈಲ್ವೆ ಸ್ಟೇಷನ್ ಇದೆ, ಬಾಹುಬಲಿ ಸೆಟ್ ಇದೆ. ನಿಜವಾಗಿ ಶೂಟಿಂಗ್ ಆದ ಜಾಗ. ಸಿಂಗಾಪುರದಲ್ಲಿ ಯಾವ ಸಿನಿಮಾ ತೆಗೆದಿದ್ದಾರೆ ಹೇಳ್ರಿ?

ಸೆಟ್ಟಿನ ಹಿಂದೆ
ವೀರೇಶ್ ಸರ್ ಹೇಳೋದರಲ್ಲಿ ದೊಡ್ಡ ವಿಷಯ ಇದೆ. ಇವೆರಡೂ ಬೇರೆ ಬೇರೆ ಜಾತಿಯ ಜಾಗಗಳು. ರಾಮೋಜಿಯಲ್ಲಿ ಸೆಟ್ಟನ್ನು ಕ್ಯಾಮೆರಾಕ್ಕೆ ಕಟ್ಟಿರೋದು. ಕ್ಯಾಮೆರಾ ನೋಡದ ಕಡೆ ಪ್ಲೈವುಡ್ ಹಾಗೇ ಇರುತ್ತದೆ. ಒಂದೇ ಕಟ್ಟಡಕ್ಕೆ ಒಂದು ಕಡೆ ಒಂದು ಮುಖ, ಇನ್ನೊಂದು ಕಡೆ ಇನ್ನೊಂದು. ನೀವು ಬಸ್ಸಿನಲ್ಲಿ ಕೂತು, "ಓ ಇದು ಆ ಸಿನಿಮಾದಲ್ಲಿ ಬಂದಿತ್ತು" ಅಂತ ಗುರುತಿಸುತ್ತೀರಿ. ಯೂನಿವರ್ಸಲ್ ಶುರುವಾಗಿದ್ದೂ ಹಾಗೇ. ಲಾಸ್ ಏಂಜಲೀಸ್‌ನಲ್ಲಿ 1964ರಲ್ಲಿ ಟ್ರಾಮ್ ಹತ್ತಿಸಿ ಸ್ಟುಡಿಯೋ ತೋರಿಸತೊಡಗಿದರು.

ಸಿಂಗಾಪುರದಲ್ಲಿ ಸ್ಟುಡಿಯೋ ಇಲ್ಲವೇ ಇಲ್ಲ. ಅಲ್ಲಿನ ಸೆಟ್ಟನ್ನು ನಡೆಯುವವರಿಗಾಗಿ ಕಟ್ಟಿರೋದು. ನಾಲ್ಕೂ ಕಡೆಯಿಂದ ಜನ ನೋಡುತ್ತಾರೆ, ಮುಟ್ಟುತ್ತಾರೆ, ಮಗು ಒದೆಯುತ್ತದೆ, ದಿನಾ ಮಳೆ ಬೀಳುತ್ತದೆ. ಆ ದೃಷ್ಟಿಯಿಂದ ನೋಡಿದರೆ ಮಮ್ಮಿ ರೈಡ್‌ನ ಕ್ಯೂ ನನಗೆ ಇಡೀ ಪಾರ್ಕ್‌ನ ಒಳ್ಳೆ ಕೆಲಸ. ಹೊರಗಿನ ಬೆಳಕಿನಿಂದ ಗೋರಿಯ ಒಳಗೆ ಹೋಗ್ತೀರಿ, ಕತ್ತಲೆ ಸ್ವಲ್ಪ ಸ್ವಲ್ಪವೇ ಜಾಸ್ತಿ ಆಗುತ್ತದೆ, ಗೋಡೆಯ ಚಿತ್ರಗಳು ಕಂಡೂ ಕಾಣದ ಹಾಗೆ ಆಗುತ್ತವೆ. ಗಾಡಿ ಹತ್ತುವ ಹೊತ್ತಿಗೆ ಅರ್ಧ ಹೆದರಿಕೆ ಆಗಲೇ ಕೆಲಸ ಮಾಡಿರುತ್ತದೆ. ರೈಡ್ ಪೂರ್ತಿ ಕತ್ತಲಲ್ಲಿ, ನಡುವೆ ಹಿಂದಕ್ಕೂ ಓಡುತ್ತದೆ. ಕ್ಯೂನಲ್ಲಿ ಕಾಯೋದನ್ನೂ ಕಥೆಯೊಳಗೆ ಸೇರಿಸಿಕೊಂಡಿದ್ದಾರೆ. ಬ್ಯಾಟಲ್‌ಸ್ಟಾರ್ ಕ್ಯೂನಲ್ಲಿ ಏನಿದೆ ಕಿಟ್ಟಿ? ನೆನಪಿದೆಯಾ?

ಕೋಸ್ಟರ್ ಕಿಟ್ಟಿ
ಮುಂದಿನವರ ಬೆನ್ನು.

ಆದರೆ ಟ್ರಾನ್ಸ್‌ಫಾರ್ಮರ್ಸ್ ಕ್ಯೂ ಚೆನ್ನಾಗಿದೆ, ಅದನ್ನು ನೀವು ಒಪ್ಪಬೇಕು. ಸೈನ್ಯದ ನೆಲೆಯೊಳಗೆ ಹೋದ ಹಾಗೆ. ಟಿವಿಗಳಲ್ಲಿ ಆಜ್ಞೆ ಬರ್ತಾ ಇರುತ್ತದೆ, ನಿಮ್ಮನ್ನು ಹೊಸದಾಗಿ ಸೇರಿದ ಸೈನಿಕರು ಅಂದುಕೊಂಡೇ ಮಾತಾಡುತ್ತಾರೆ.

ಸೆಟ್ಟಿನ ಹಿಂದೆ
ಅದು ಒಪ್ಪಿದೆ. ಕಟ್ಟಡದ ಒಳಗೆ ಚೆನ್ನಾಗಿದೆ. ನಾನು ಹೇಳಿದ್ದು ಹೊರಗಿನ ಅಂಗಳದ ಬಗ್ಗೆ.

ಪದ್ಮನಾಭನಗರ ಪಮ್ಮಿ
ವಂಡರ್‌ಲಾ ಕೂಡ ಚೆನ್ನಾಗಿಯೇ ಇದೆಯಲ್ಲ?

ಬಿಡದಿ ಬಸ್ಸು
ವಂಡರ್‌ಲಾ ನಮ್ಮೂರ ಹೆಮ್ಮೆ ಮೇಡಂ, ಆದರೆ ಅಲ್ಲಿ ಸಿನಿಮಾ ಕಥೆ ಏನೂ ಇಲ್ಲ. ಕಿಟ್ಟಿಗೆ ಸರಿಯಾದ ಜಾಗ. ರೈಡ್ ಮಾತ್ರ, ಗೋಡೆ ಚಿಂತೆ ಇಲ್ಲ.

ಕುಂದಾಪ್ರ ಕುಮಾರ
ಮತ್ತೆ ಲಾಸ್ಟ್ ವರ್ಲ್ಡ್‌ಗೇ ಬರ್ತೇನೆ, ವಾಟರ್‌ವರ್ಲ್ಡ್ ಬಗ್ಗೆ ಹೇಳಲೇಬೇಕು. 1995ರ ಸಿನಿಮಾ. ಖರ್ಚು ಆಕಾಶಕ್ಕೆ ಹೋಗಿತ್ತು, ಜನ ಅಷ್ಟಾಗಿ ಮೆಚ್ಚಲಿಲ್ಲ. ಆದರೆ ಅದರ ಮೇಲಿನ ಶೋ ಮಾತ್ರ ದೇಶ ದೇಶಗಳಲ್ಲಿ ಇನ್ನೂ ನಡೀತಾ ಇದೆ. ನೀರಿನ ಸ್ಕೂಟರ್, ಬೆಂಕಿ, ಕೊನೆಗೆ ಒಂದು ವಿಮಾನ ಗೋಡೆ ದಾಟಿ ಒಳಗೆ ಬಂದು ಬೀಳುತ್ತದೆ. ಮುಂದಿನ ಸಾಲುಗಳಲ್ಲಿ ಕೂತರೆ ನೀರು ಗ್ಯಾರಂಟಿ, ಬಕೆಟ್‌ನಲ್ಲಿ ಎರಚುತ್ತಾರೆ. ಅತ್ತೆಯವರನ್ನು ಮೇಲಿನ ಸಾಲಿನಲ್ಲಿ ಕೂರಿಸಿ. ಶೋ ಟೈಮ್ ಬೆಳಿಗ್ಗೆಯೇ ನೋಡಿಕೊಳ್ಳಿ, ದಿನಕ್ಕೆ ಕೆಲವೇ ಸಲ ಇರೋದು.

ಒಂದು ತಕರಾರೂ ಇದೆ. ಡೈನೋಸಾರ್ ಕಾಡಿನ ಪಕ್ಕದಲ್ಲೇ ಸಮುದ್ರದ ತುಕ್ಕು ಹಿಡಿದ ಕೋಟೆ. ಒಂದೇ ಝೋನ್ ಅಂತ ಹೆಸರಿಟ್ಟಿದ್ದಾರೆ, ಒಂದಕ್ಕೊಂದು ಸಂಬಂಧವೇ ಇಲ್ಲ.

ಹೊಸಪೇಟೆ ಹುಡುಗಿ
ಫಾರ್ ಫಾರ್ ಅವೇ ಬಗ್ಗೆ ಯಾಕೆ ಎಲ್ಲರೂ ಸುಮ್ಮನಿದ್ದೀರಿ? ನನಗೆ ಈಜಿಪ್ಟ್ ಆದಮೇಲೆ ಅದೇ. 40 ಮೀಟರ್ ಎತ್ತರದ ಕೋಟೆ, ಕೆರೆಯ ಆ ಕಡೆಯಿಂದಲೂ ಕಾಣುತ್ತದೆ. ಶ್ರೆಕ್ ಥಿಯೇಟರ್ ಆ ಕೋಟೆಯ ಒಳಗೇ ಇದೆ. 2015ರಲ್ಲಿ ಪುಸ್ ಇನ್ ಬೂಟ್ಸ್ ಕೋಸ್ಟರ್ ಬಂತು, ಬೀನ್ಸ್ ಬಳ್ಳಿಗೆ ನೇತುಹಾಕಿದ ಹಾಗೆ ಹೋಗುತ್ತದೆ. ಜೋರಿಲ್ಲ, ಚಿಕ್ಕವರಿಗೆ ಸರಿ. ಅಂಗಡಿ ಬೋರ್ಡುಗಳನ್ನು ಓದುತ್ತಾ ಹೋಗಿ, ಒಂದೊಂದರಲ್ಲೂ ಒಂದು ತಮಾಷೆ ಇದೆ.

ಕೋಸ್ಟರ್ ಕಿಟ್ಟಿ
ಸುಮ್ಮನಿದ್ದೆವು ಯಾಕೆಂದರೆ ಅದು ಮಕ್ಕಳದ್ದು.

ಹೊಸಪೇಟೆ ಹುಡುಗಿ
ಅವರು ಕರೆದುಕೊಂಡು ಹೋಗ್ತಿರೋದೇ ಮಕ್ಕಳನ್ನು ಕಿಟ್ಟಿ.

ಸೆರಂಗೂನ್ ಸುಬ್ಬಣ್ಣ
ಬೆಣ್ಣೆಯವರೇ, ಎರಡು ಮುಖ್ಯ ಮಾತು. ಇವು ಯಾರೂ ಹೇಳಿಲ್ಲ.

ಮೊದಲನೆಯದು ಮಳೆ. ಅಕ್ಟೋಬರ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಇಲ್ಲಿ ಮಾಮೂಲಿ. ಮಿಂಚು ಶುರುವಾದರೆ ಹೊರಗಿನ ರೈಡ್ ಎಲ್ಲಾ ನಿಲ್ಲಿಸುತ್ತಾರೆ: ಬ್ಯಾಟಲ್‌ಸ್ಟಾರ್, ಕ್ಯಾನಪಿ ಫ್ಲೈಯರ್, ರ‍್ಯಾಪಿಡ್ಸ್. ಅದಕ್ಕೇ ಬೆಳಿಗ್ಗೆ ಹೊರಗಿನವು, ಮಧ್ಯಾಹ್ನ ಒಳಗಿನವು. ಮಮ್ಮಿ, ಟ್ರಾನ್ಸ್‌ಫಾರ್ಮರ್ಸ್, ಶ್ರೆಕ್, ಸೆಸಮಿ ಎಲ್ಲಾ ಚಾವಣಿ ಕೆಳಗೆ ಇವೆ.

ಎರಡನೆಯದು ಹ್ಯಾಲೋವೀನ್ ಹಾರರ್ ನೈಟ್ಸ್, ಅಂದರೆ ರಾತ್ರಿ ಹೊತ್ತು ಜನರನ್ನು ಹೆದರಿಸುವ ಕಾರ್ಯಕ್ರಮ. 2011ರಿಂದ ನಡೀತಾ ಬಂದಿದೆ, ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಶುರುವಿನ ತನಕ, ಆಯ್ದ ರಾತ್ರಿಗಳಲ್ಲಿ. ಆ ದಿನಗಳಲ್ಲಿ ಮಾಮೂಲಿ ಟಿಕೆಟ್‌ನವರನ್ನು ಸಂಜೆ ಬೇಗ ಹೊರಗೆ ಕಳಿಸುತ್ತಾರೆ. ರಾತ್ರಿಗೆ ಬೇರೆ ಟಿಕೆಟ್. ನಿಮ್ಮ ದಸರಾ ರಜೆ ಸರಿಯಾಗಿ ಇದರ ಮೇಲೇ ಬೀಳುತ್ತದೆ. ಪಾರ್ಕ್‌ನ ವೆಬ್‌ಸೈಟ್‌ನಲ್ಲಿ ಕ್ಯಾಲೆಂಡರ್ ನೋಡಿ, ಹಾರರ್ ನೈಟ್ ಇಲ್ಲದ ದಿನ ಆರಿಸಿಕೊಳ್ಳಿ. ಶನಿವಾರ, ಭಾನುವಾರ ಬೇಡವೇ ಬೇಡ.

ದಾವಣಗೆರೆ ಬೆಣ್ಣೆ
ಇದು ಗೊತ್ತೇ ಇರಲಿಲ್ಲ ಸರ್, ಬಹಳ ಉಪಕಾರ. ಮಂಗಳವಾರಕ್ಕೆ ಬದಲಾಯಿಸುತ್ತೇನೆ. ಊಟಕ್ಕೆ ಏನು ಮಾಡೋದು? ಅತ್ತೆ ಈರುಳ್ಳಿಯನ್ನೂ ತಿನ್ನೋದಿಲ್ಲ.

ಶಿರಸಿ ಶಾಲಿನಿ
ನಾವು ನ್ಯೂಯಾರ್ಕ್‌ನಲ್ಲಿ ಪಿಜ್ಜಾ ತಿಂದೆವು. ಅಮ್ಮ ಅದರ ಮೇಲಿನದೆಲ್ಲಾ ಕೆರೆದು ಪಕ್ಕಕ್ಕಿಟ್ಟು ರೊಟ್ಟಿ ತಿಂದರು. ಅತ್ತೆಯವರಿಗೆ ಏನಾದರೂ ಕಟ್ಟಿಕೊಂಡು ಹೋಗಬಹುದಾ ಅಂತ ಅವರ ನಿಯಮ ಓದಿಕೊಳ್ಳಿ.

ಸೆರಂಗೂನ್ ಸುಬ್ಬಣ್ಣ
ಬೆಳಿಗ್ಗೆ ಲಿಟ್ಲ್ ಇಂಡಿಯಾದಲ್ಲಿ ಹೊಟ್ಟೆ ತುಂಬಿಸಿಕೊಂಡು ಹೊರಡಿ. ಸೆರಂಗೂನ್ ರಸ್ತೆಯಲ್ಲಿ ಕೋಮಲ ವಿಲಾಸ್ ಇದೆ, 1947ರಿಂದ ಇದೆ. ನಮ್ಮ ಎಂಟಿಆರ್ ಕೂಡ ಇದೆ. ಅಲ್ಲಿಂದ ಮೆಟ್ರೋದಲ್ಲಿ ನೇರವಾಗಿ ಹಾರ್ಬರ್‌ಫ್ರಂಟ್, ಇಳಿದರೆ ವಿವೋಸಿಟಿ ಮಾಲ್, ಮೂರನೇ ಮಹಡಿಯಿಂದ ಸೆಂಟೋಸಾ ಎಕ್ಸ್‌ಪ್ರೆಸ್ ರೈಲು.

ವಿಜಯಪುರದ ವೀರೇಶ
ಎಂಟಿಆರ್ ಅಲ್ಲೂ ಇದೆಯಾ! ರವೆ ಇಡ್ಲಿ ಎಷ್ಟು ರೀ?

ಸೆರಂಗೂನ್ ಸುಬ್ಬಣ್ಣ
ರೂಪಾಯಿಗೆ ಲೆಕ್ಕ ಹಾಕಬೇಡಿ, ಗಂಟಲಲ್ಲಿ ಇಳಿಯೋದಿಲ್ಲ.

ಕೋಸ್ಟರ್ ಕಿಟ್ಟಿ
ಇಡ್ಲಿ ತಿಂದ ಕೂಡಲೇ ಸೈಲಾನ್ ಹತ್ತಬೇಡಿ. ಇನ್ನೊಂದು ಒಳ ವಿಷಯ. ಬ್ಯಾಟಲ್‌ಸ್ಟಾರ್ ಅನ್ನು 2013ರಲ್ಲಿ ನಿಲ್ಲಿಸಿ 2015ರಲ್ಲಿ ಮತ್ತೆ ಬಿಟ್ಟರು. ಮೊದಲು ಒಂದು ಸಾಲಿನಲ್ಲಿ ನಾಲ್ಕು ಜನ ಕೂರ್ತಿದ್ದರು, ಈಗ ಇಬ್ಬರೇ. ಹಾಗಾಗಿ ಕ್ಯೂ ನಿಧಾನ. ಒಬ್ಬೊಬ್ಬರೇ ಹೋಗೋರಿಗೆ ಬೇರೆ ಸಾಲು ಇರುತ್ತದೆ, ಅದು ಬೇಗ ಸರಿಯುತ್ತದೆ. ಮಗನ ಪಕ್ಕ ಕೂರಲೇಬೇಕು ಅಂದರೆ ಮಾತ್ರ ಉದ್ದದ ಸಾಲು.

ದಾವಣಗೆರೆ ಬೆಣ್ಣೆ
ಸರಿ, ಇಲ್ಲಿಗೆ ನನ್ನ ಲೆಕ್ಕ ಹೀಗಿದೆ. ಗೇಟು ತೆರೆದ ಕೂಡಲೇ ಬಲಕ್ಕೆ, ಸೈ-ಫೈ ಸಿಟಿ, ಮಗನಿಗೆ ಬ್ಯಾಟಲ್‌ಸ್ಟಾರ್. ಆಮೇಲೆ ರ‍್ಯಾಪಿಡ್ಸ್, ವಾಟರ್‌ವರ್ಲ್ಡ್. ಮಧ್ಯಾಹ್ನ ಶ್ರೆಕ್, ಮಿನಿಯನ್. ಮಳೆ ಬಂದಾಗ ಈಜಿಪ್ಟ್. ಜಾಸ್ತಿ ಹೊತ್ತು ಈಜಿಪ್ಟ್‌ಗೇ ಇಡುತ್ತೇನೆ, ನ್ಯೂಯಾರ್ಕ್‌ಗೆ ಸಂಜೆ ಅರ್ಧ ಗಂಟೆ.

ಸೆಟ್ಟಿನ ಹಿಂದೆ
ಮಳೆ ಬಂದಾಗ ಈಜಿಪ್ಟ್ ಅನ್ನಬೇಡಿ ಸರ್. ಮಮ್ಮಿ ರೈಡ್ ಒಳಗಿದೆ ನಿಜ, ಆದರೆ ಮೂರ್ತಿಗಳು, ಅಂಗಳ ಎಲ್ಲಾ ಬಯಲಲ್ಲಿ. ಬಿಸಿಲು ಇಳಿದ ಮೇಲೆ ಹೋಗಿ, ನೆರಳು ಉದ್ದ ಬೀಳುತ್ತದೆ, ಆಗ ಚಂದ. ಮಳೆಗೆ ಟ್ರಾನ್ಸ್‌ಫಾರ್ಮರ್ಸ್ ಇಟ್ಟುಕೊಳ್ಳಿ.

ಕೋಸ್ಟರ್ ಕಿಟ್ಟಿ
ನೋಡಿ, ಕೊನೆಗೆ ಸೈ-ಫೈ ಸಿಟಿಗೆ ಎರಡು ಸಲ ಹೋಗಲೇಬೇಕಾಯಿತು.

ಹೊಸಪೇಟೆ ಹುಡುಗಿ
ಮಳೆಗೆ ನಿಲ್ಲೋಕೆ ಹೋಗೋದೂ ಲೆಕ್ಕಕ್ಕೆ ಬರುತ್ತದಾ?

ಬಿಡದಿ ಬಸ್ಸು
ಏಜೆಂಟ್‌ಗೆ ಫೋನ್ ಮಾಡಿದೆ. ಹ್ಯಾರಿ ಪಾಟರ್ ಇಲ್ಲ ಅಂದಿದ್ದಕ್ಕೆ, "ಅಲ್ಲಿ ಕೋಟೆ ಇದೆಯಲ್ಲ ಸರ್, ಅದೇ ಅಂದುಕೊಳ್ಳಿ" ಅಂದ.